ನೂರ ಎಂಬತ್ತೇಳನೆಯ ವೋಟು

ಕೂತಲ್ಲಿ ಕೂರಲಾಗದ ಈ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಹತ್ತಿಕೊಂಡದ್ದು ಹೊಸಕೋಟೆಯ ಒಂದು ಕಾಲೇಜಿನ ಕೋಣೆಯಲ್ಲಿ, ಹಾಡುಹಗಲೇ, ಗ್ರಾಮ ಪಂಚಾಯಿತಿ ಚುನಾವಣೆಯ ವೋಟು ಎಣಿಸುತ್ತಿದ್ದ ಮೇಜಿನ ಮುಂದೆ. ಅದಕ್ಕೂ ಮುಂಚೆ ನಾನು ಗಂಟೆಗಟ್ಟಲೆ ಅಲುಗಾಡದೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಮನುಷ್ಯ. ಆಮೇಲೆ ಅರ್ಧ ಲೋಟ ಕಾಫಿ ಮುಗಿಯುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲ ತನಕ ಹೋಗಿಬರುವವನಾದೆ. ನನ್ನ ಹೆಂಡತಿ ಮೊದಮೊದಲು ಏನಾಯಿತೆಂದು ಕೇಳುತ್ತಿದ್ದಳು, ಆಮೇಲಾಮೇಲೆ ಬೈಯುತ್ತಿದ್ದಳು, ಕೊನೆಗೆ ಸುಮ್ಮನೆ ಕಾಲು ಒಳಗೆಳೆದುಕೊಂಡು ದಾರಿ ಬಿಡತೊಡಗಿದಳು.

ಇದನ್ನು ಹೇಳಬೇಕಾದರೆ ಇಟಲಿಯ ಒಬ್ಬ ಗಣಿತಜ್ಞನಿಂದ ಶುರು ಮಾಡಬೇಕು. ನಗಬೇಡಿ. ಸೂಲಿಬೆಲೆ ಹೋಬಳಿಯ ನಮ್ಮೂರಿಗೂ ಇಟಲಿಗೂ ಏನು ನಂಟು ಎಂದರೆ ನಮ್ಮ ಮೇಷ್ಟ್ರು. ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ನಾನು ಇವತ್ತು ಜಡಿಗೇನಹಳ್ಳಿ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿ ಹೊಟ್ಟೆ ಹೊರೆಯುತ್ತಿದ್ದರೆ ಅದು ಅವರು ಕಲಿಸಿದ್ದು. ಅವರ ಹತ್ತಿರ ಬೆನ್ನು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕವಿತ್ತು, ರೇಖಾಗಣಿತ ಬೆಳೆಸಿದವರ ಕಥೆಗಳದ್ದು. ಅದರಲ್ಲಿ ಈ ಇಟಲಿಯವನದೊಂದು ಅಧ್ಯಾಯ. ಮೀಸೆ ಚಿಗುರುವ ವಯಸ್ಸಿನಲ್ಲಿ ಓದು ಬಿಟ್ಟು, ಪರದೇಶದವರ ಆಳ್ವಿಕೆಯನ್ನು ಓಡಿಸಲು ಬಂದೂಕು ಹಿಡಿದು ಹೋದವನು. ಮುತ್ತಿಗೆಯಲ್ಲಿ ಸಿಕ್ಕಿಕೊಂಡು, ಸೋತು, ಜ್ವರ ಹತ್ತಿಸಿಕೊಂಡು ಮನೆಗೆ ಬಂದರೆ ತಾಯಿ ತೀರಿಕೊಂಡಿದ್ದಳು. ಆಮೇಲೆ ಓದಿದ, ಪಾಠ ಹೇಳಿದ, ವಕ್ರರೇಖೆಗಳ ಮೇಲೆ ಯಾರೂ ಮಾಡದಂಥ ಕೆಲಸ ಮಾಡಿದ. ಹೆಸರು ಬಂದ ಮೇಲೆ ರಾಜಕೀಯಕ್ಕೆ ಕರೆದರು, ಹೋದ. ಎಂಜಿನಿಯರುಗಳನ್ನು ತಯಾರು ಮಾಡುವ ಕಾಲೇಜು ನಡೆಸಿದ, ಶಾಸನಸಭೆಯಲ್ಲಿ ಕೂತ, ಶಿಕ್ಷಣಮಂತ್ರಿಯೂ ಆದ, ಅದೂ ಒಂದು ತಿಂಗಳ ಮಟ್ಟಿಗೆ. ಅಷ್ಟರಲ್ಲಿ ಅವನ ಗಣಿತ ನಿಂತೇಹೋಗಿತ್ತು.

ಇದನ್ನು ಹೈಸ್ಕೂಲು ಹುಡುಗರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಮಾಡು ಎಂದು ಮೇಷ್ಟ್ರು ನನ್ನ ತಲೆಗೆ ಕಟ್ಟಿದರು. ಅವರು ಕಟ್ಟಿದ ಮೇಲೆ ಮುಗಿಯಿತು, ಬಿಡಿಸಿಕೊಳ್ಳುವ ಹಾಗಿಲ್ಲ. ಎರಡೆರಡು ಪುಟ ಬರೆದು ತಂದು ಓದುತ್ತಿದ್ದೆ. ಓದುತ್ತಿದ್ದದ್ದು ಮೇಷ್ಟ್ರ ಮನೆಯಲ್ಲಲ್ಲ, ಬಸ್‌ಸ್ಟಾಂಡಿನ ಪಕ್ಕದ ಟೈಲರ್ ಭಾಯ್ ಅಂಗಡಿಯಲ್ಲಿ, ಸಂಜೆ ನಾಲ್ಕರ ಟೀ ಹೊತ್ತಿಗೆ.

ಭಾಯ್ ಮತ್ತು ಮೇಷ್ಟ್ರು ಒಂದನೇ ಕ್ಲಾಸಿನಿಂದ ಜೊತೆ. ಭಾಯ್ ಮನೆಯಲ್ಲಿ ದಖನಿ ಮಾತು, ಅಂಗಡಿಯಲ್ಲಿ ನಮಗಿಂತ ಚೆಂದದ ಕನ್ನಡ. ಏಳನೇ ಕ್ಲಾಸಿಗೆ ಓದು ಬಿಟ್ಟು ಕತ್ತರಿ ಹಿಡಿದವರು. ಊರಿನ ಎರಡು ತಲೆಮಾರಿನ ಮಕ್ಕಳ ಯೂನಿಫಾರ್ಮು ಅವರ ಕೈಯಲ್ಲೇ ಹೊಲಿದದ್ದು. ಒಂದು ಸಲ ಮೇಷ್ಟ್ರು ಹಾಳೆ ಮೇಲೆ ಇಡೀ ಮಧ್ಯಾಹ್ನ ಗೆರೆ ಎಳೆದು, ಇಷ್ಟು ಬಟ್ಟೆಯಲ್ಲಿ ನಾಲ್ಕೇ ಷರ್ಟು ಬರುವುದು, ಐದನೆಯದು ಅಸಾಧ್ಯ ಎಂದು ಸಾಧಿಸಿ ತೋರಿಸಿದರು. ಭಾಯ್ ಕತ್ತರಿ ಎತ್ತಿಕೊಂಡರು. ಬಟ್ಟೆಯನ್ನು ಓರೆಯಾಗಿ ಮಡಿಸಿ, ಕಾಲರನ್ನು ಚೂರುಪಾರಿನಲ್ಲಿ ತೆಗೆದು, ಐದನೆಯ ಷರ್ಟು ಹೊಲಿದು ಮಾರನೆಯ ದಿನ ಮೇಷ್ಟ್ರ ಕೈಗೇ ಕೊಟ್ಟರು. ಮೇಷ್ಟ್ರು ಅದನ್ನು ಹಾಕಿಕೊಂಡೇ ಒಂದು ವಾರ ಅವರ ಜೊತೆ ಜಗಳವಾಡಿದರು.

ಇಟಲಿಯವನ ಕಥೆಯಲ್ಲಿ ಭಾಯ್‌ಗೆ ತಾಯಿ ಸತ್ತ ಭಾಗ ಬಹಳ ಹಿಡಿಸಿತ್ತು, ಅದನ್ನು ಎರಡು ಸಲ ಓದಿಸಿದರು. ಆದರೆ ರಾಜಕೀಯದ ಭಾಗ ಬಂದಾಗ ಮೂಗು ಮುರಿದರು. ಕೈಯಲ್ಲಿ ಅಂಥ ಕಸುಬು ಇಟ್ಟುಕೊಂಡು ಸಭೆಯಲ್ಲಿ ಹೋಗಿ ಕೂರುವುದಕ್ಕೆ ಅವನಿಗೇನು ಬಂದಿತ್ತು ರೋಗ ಎಂದರು. ಮೇಷ್ಟ್ರಿಗೆ ಸಿಟ್ಟು ಬಂತು. ಗೊತ್ತಿರುವವನು ಹೋಗದಿದ್ದರೆ ಗೊತ್ತಿಲ್ಲದವನು ಹೋಗಿ ಕೂರುತ್ತಾನೆ, ಅಷ್ಟೂ ತಿಳಿಯುವುದಿಲ್ಲವೇ ಎಂದು ದಬಾಯಿಸಿದರು. ಆಗಲೇ ನನಗೆ ವಾಸನೆ ಹೊಡೆಯಬೇಕಿತ್ತು. ಹದಿನೈದು ದಿನದಲ್ಲಿ ಮೇಷ್ಟ್ರು ನಮ್ಮ ವಾರ್ಡಿನಿಂದ ಪಂಚಾಯಿತಿ ಚುನಾವಣೆಗೆ ಅರ್ಜಿ ಹಾಕಿಬಂದರು.

ಅವರಿಗೆ ಬೇಕಾಗಿದ್ದದ್ದು ಒಂದೇ. ನಮ್ಮೂರ ಕೆರೆಯನ್ನು ಅವರು ಶಾಲೆಯಲ್ಲಿದ್ದಾಗಲೇ ಹುಡುಗರ ಕೈಲಿ ಹಗ್ಗ ಹಿಡಿಸಿ, ತ್ರಿಕೋನ ತ್ರಿಕೋನವಾಗಿ ಅಳೆದು ನಕ್ಷೆ ಬರೆದಿದ್ದರು. ಆ ನಕ್ಷೆಯ ಕೆರೆ ಈಗಿನ ಕೆರೆಗಿಂತ ದೊಡ್ಡದು. ನುಂಗಿದ್ದು ಯಾರು ಅನ್ನುವುದು ಊರಿಗೆಲ್ಲ ಗೊತ್ತಿತ್ತು, ಪಂಚಾಯಿತಿಯಲ್ಲಿ ಎದ್ದು ನಿಂತು ಹೇಳುವವರು ಇರಲಿಲ್ಲ. ನಾನು ಹೇಳುತ್ತೇನೆ ಎಂದರು ಮೇಷ್ಟ್ರು. ಎದುರಿಗೆ ನಿಂತವನು ಒಬ್ಬನೇ, ಊರ ಶಾಲಾ ಸಮಿತಿಯ ಅಧ್ಯಕ್ಷ. ಚುನಾವಣೆಯವರು ಮೇಷ್ಟ್ರಿಗೆ ಕುಕ್ಕರ್ ಗುರುತು ಕೊಟ್ಟರು. ಅಳತೆಪಟ್ಟಿ ಕೇಳಿದ್ದರಂತೆ, ಅದು ಪಟ್ಟಿಯಲ್ಲೇ ಇಲ್ಲವಂತೆ.

ಮೇಷ್ಟ್ರು ಪ್ರಚಾರ ಮಾಡಿದ್ದು ಕಡಿಮೆ, ಲೆಕ್ಕ ಹಾಕಿದ್ದು ಜಾಸ್ತಿ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ವಾರ್ಡಿನ ಮನೆ ಮನೆಯೂ ಇತ್ತು, ಒಬ್ಬೊಬ್ಬ ವೋಟರೂ ಇದ್ದ. ಹಾಕುತ್ತೇನೆ ಎಂದವರ ಮುಂದೆ ಒಂದು ಗುರುತು. ಆ ಮಾತಿನ ಮೇಲೆ ಇವರಿಗೆ ನಂಬಿಕೆ ಬಂದರೆ ಇನ್ನೊಂದು ಗುರುತು. ಎರಡು ಗುರುತು ಬಿದ್ದವರನ್ನು ಮಾತ್ರ ತೆಗೆದುಕೊಂಡು, ಅದಕ್ಕೆ ನಮ್ಮಿಬ್ಬರನ್ನೂ ಸೇರಿಸಿ ಕೂಡಿಸಿದರು. ನೂರ ಎಂಬತ್ತೇಳು ಬಂತು. ಬಿದ್ದೇ ಬೀಳುತ್ತೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂದು ಭಾಯ್ ಅಂಗಡಿಯಲ್ಲಿ ಕೂತು ಸಾರಿದರು. ಭಾಯ್ ಬಾಯಲ್ಲಿದ್ದ ದಾರ ಕಚ್ಚಿ ತುಂಡರಿಸಿ, ಜನ ಏನು ಅಂಕಿಯೇನಯ್ಯಾ ಎಂದು ನಕ್ಕರು.

ವೋಟಿನ ದಿನ ನಮ್ಮ ಶಾಲೆಯ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ನನ್ನ ಮೇಲೆ ಬಿದ್ದಿದ್ದವು. ಬೆಳಿಗ್ಗೆಯಿಂದ ತಿದ್ದಿ ತಿದ್ದಿ ಕಣ್ಣು ಮಂಜಾಗಿತ್ತು. ಹನ್ನೊಂದಕ್ಕೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಕೆಂಪು ಪೆನ್ನು ಜೇಬಿನಲ್ಲಿದ್ದ ಹಾಗೆಯೇ ಊರ ಶಾಲೆಯ ಬೂತಿಗೆ ಹೋದೆ. ರಟ್ಟಿನ ಮರೆಯ ಹಿಂದೆ ನಿಂತು ಕುಕ್ಕರಿನ ಮೇಲೆ ಮುದ್ರೆ ಒತ್ತಿದೆ. ಮಡಿಸಿ ಡಬ್ಬಿಗೆ ಹಾಕಿ ಮನೆಗೆ ಬಂದು ಮತ್ತೆ ತಿದ್ದಲು ಕೂತೆ. ಅವತ್ತು ನನ್ನ ನೆನಪಿನಲ್ಲಿ ಇದ್ದದ್ದು ಇಷ್ಟೇ.

ಎಣಿಕೆಗೆ ಮೇಷ್ಟ್ರು ಬರಲಿಲ್ಲ. ಎಣಿಸಿ ಆಗಿದೆಯಲ್ಲ, ಮತ್ತೆ ಯಾಕೆ ಎಂದು ನನ್ನನ್ನೇ ಏಜೆಂಟ್ ಮಾಡಿ ಕಳಿಸಿದರು. ಕೋಣೆಯ ತುಂಬ ಗಲಾಟೆ. ನಮ್ಮ ವಾರ್ಡಿನ ಡಬ್ಬಿ ಸುರಿದು ವಿಂಗಡಿಸುತ್ತಿದ್ದರು. ಕೆಟ್ಟ ವೋಟುಗಳನ್ನು ಅಧಿಕಾರಿ ಒಂದೊಂದಾಗಿ ನಮ್ಮ ಕಡೆ ತಿರುಗಿಸಿ ತೋರಿಸಿ ಪಕ್ಕಕ್ಕಿಡುತ್ತಿದ್ದರು. ಒಂದು ಖಾಲಿ, ಎರಡರಲ್ಲಿ ಮುದ್ರೆ ಗೆರೆಯ ಮೇಲೆ. ಆಮೇಲೆ ಇನ್ನೊಂದನ್ನು ತಿರುಗಿಸಿದರು. ಕುಕ್ಕರಿನ ಮೇಲೆ ಚೊಕ್ಕವಾದ ಮುದ್ರೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಪುಟ್ಟದೊಂದು ಸಹಿ, ಬಾಲ ಎಡಕ್ಕೆ ಸುತ್ತಿಕೊಂಡದ್ದು.

ನನ್ನ ಸಹಿ. ಒಂದೊಂದು ಉತ್ತರಪತ್ರಿಕೆಯ ಮೇಲೂ ಅಂಕ ಹಾಕಿ ಅದರ ಕೆಳಗೆ ಎಳೆಯುವ ಅದೇ ಸಹಿ. ಹಾಕಿದ ಗುರುತಿನ ಕೆಳಗೆ ಹೆಸರಿಲ್ಲದಿದ್ದರೆ ಅದು ಯಾರೂ ಹೊಣೆಯಲ್ಲದ ಗುರುತು ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಷ್ಟ್ರೇ ಅಭ್ಯಾಸ ಮಾಡಿಸಿದ್ದು. ಕೈ ತನ್ನ ಪಾಡಿಗೆ ತಾನು ಪೆನ್ನು ತೆಗೆದು ಕೆಲಸ ಮುಗಿಸಿ ಜೇಬಿಗಿಟ್ಟಿತ್ತು. ಬರಹ ಇದೆ, ಹಾಕಿದವರು ಯಾರೆಂದು ಗೊತ್ತಾಗುತ್ತೆ, ಇದು ಅಮಾನ್ಯ ಎಂದರು ಅಧಿಕಾರಿ. ಎದುರಾಳಿಯ ಏಜೆಂಟು ಆಗ ಕಿಟಕಿಯ ಹತ್ತಿರ ನಿಂತು ಯಾರಿಗೋ ಫೋನಿನಲ್ಲಿ ಕೂಗುತ್ತಿದ್ದ. ಏಜೆಂಟರಲ್ಲಿ ನೋಡಿದವನು ನಾನೊಬ್ಬನೇ.

ಆದರೂ ಒಂದು ವೋಟು ತಾನೇ ಎಂದುಕೊಂಡೆ. ಎಣಿಕೆ ಮುಗಿಯಿತು. ಮೇಷ್ಟ್ರಿಗೆ ನೂರ ಎಂಬತ್ತಾರು. ಎದುರಾಳಿಗೂ ನೂರ ಎಂಬತ್ತಾರು. ಮತ್ತೆ ಎಣಿಸಿದರು, ಅಷ್ಟೇ. ಅಮಾನ್ಯವಾದವನ್ನೂ ಇನ್ನೊಮ್ಮೆ ಎಲ್ಲರ ಮುಂದೆ ನೋಡಬೇಕೇ ಎಂದು ಅಧಿಕಾರಿ ನನ್ನನ್ನು ಕೇಳಿದರು. ಬೇಡ ಸಾರ್ ಎಂದೆ. ಥೂ, ಆ ಬಾಯಿಗಿಷ್ಟು ಮಣ್ಣು ಹಾಕ. ನೋಡಿದ್ದರೂ ಆ ವೋಟು ಬದುಕುತ್ತಿರಲಿಲ್ಲ, ಆದರೆ ವಿಷಯ ಅಲ್ಲೇ ಬಯಲಾಗುತ್ತಿತ್ತು, ನಾಲ್ಕು ಜನ ನಕ್ಕು ಮುಗಿಯುತ್ತಿತ್ತು. ಎರಡು ಚೀಟಿ ಬರೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿದರು. ಎಲ್ಲರಿಗೂ ಟೀ ತಂದಿದ್ದ ಆಯಾಳನ್ನು ಕರೆದು ಎತ್ತಿಸಿದರು. ಎದುರಾಳಿಯ ಹೆಸರು ಬಂತು.

ಊರಿಗೆ ಬಂದಾಗ ಮೇಷ್ಟ್ರು ಕೇಳಿದ್ದು ಸೋಲಿನ ಬಗ್ಗೆ ಅಲ್ಲ. ಕೆಟ್ಟುಹೋದ ವೋಟುಗಳಲ್ಲಿ ಕುಕ್ಕರಿಗೆ ಬಿದ್ದದ್ದು ಯಾವುದಾದರೂ ಇತ್ತೇ ಎಂದು ಕೇಳಿದರು. ಇರಲಿಲ್ಲ, ಕೆಲವು ಖಾಲಿ, ಕೆಲವು ಗೆರೆ ಮೇಲೆ ಎಂದೆ. ಯಾಕೆ ಹಾಗೆಂದೆ ಎಂದು ಕೇಳಿದರೆ ಹೆದರಿಕೆ, ಇನ್ನೇನು. ಐವತ್ತರ ಹತ್ತಿರ ಬಂದವನು ತಪ್ಪು ಉತ್ತರ ಬರೆದ ಹುಡುಗನ ಹಾಗೆ ಅವರ ಮುಂದೆ ನಿಂತಿದ್ದೆ. ಅವರು ತಲೆ ಅಲ್ಲಾಡಿಸಿ ಒಳಗೆ ಹೋದರು. ಆಮೇಲೆ ನಾಲ್ಕು ದಿನ ಹೊರಗೆ ಬರಲಿಲ್ಲ.

ಐದನೆಯ ದಿನ ಹೇಳಿ ಕಳಿಸಿದರು. ಮೇಜಿನ ಮೇಲೆ ಆ ನೋಟ್‌ಬುಕ್ಕು. ಕೂಡಿಕೆಯಲ್ಲಿ ತಪ್ಪಿಲ್ಲ, ಹಾಗಾದರೆ ಯಾರೋ ಒಬ್ಬರು ಮಾತು ತಪ್ಪಿದ್ದಾರೆ, ಆ ಒಬ್ಬರು ಯಾರೆಂದು ಹುಡುಕಿದ್ದೇನೆ, ಸಾಧನೆಯನ್ನು ನೀನು ಪರೀಕ್ಷೆ ಮಾಡು ಎಂದರು. ಮನೆ ಮನೆಯನ್ನೂ ಹಿಡಿದು, ಕಾರಣ ಕೊಟ್ಟು, ತೆಗೆದುಹಾಕುತ್ತಾ ಬಂದಿದ್ದರು. ಇವರು ಎದುರಾಳಿಯ ದಾಯಾದಿಗಳು, ಜನ್ಮದಲ್ಲಿ ಅವನಿಗೆ ಹಾಕರು, ತೆಗೆ. ಇವರ ತೋಟಕ್ಕೆ ಕೆರೆಯ ನೀರೇ ಗತಿ, ತೆಗೆ. ಹೀಗೆ ಹತ್ತು ಪುಟ. ಕೊನೆಗೆ ಉಳಿದದ್ದು ಒಂದು ಹೆಸರು, ಭಾಯ್‌ದು. ಯಾಕೆಂದರೆ ಎದುರಾಳಿ ಶಾಲಾ ಸಮಿತಿಯ ಅಧ್ಯಕ್ಷ, ಆ ವರ್ಷದ ಯೂನಿಫಾರ್ಮು ಹೊಲಿಯಲು ಕೊಟ್ಟದ್ದು ಅವನೇ. ಮೇಲಾಗಿ ಎಣಿಕೆಯಾದ ವಾರದಲ್ಲೇ ಭಾಯ್ ಅಂಗಡಿಗೆ ಮೋಟಾರಿನ ಹೊಸ ಮೆಷಿನ್ನು ಬಂದಿತ್ತು.

ಪಟ್ಟಿಯ ಮೊದಲ ಪುಟದ ತುದಿಯಲ್ಲಿ ಎರಡು ಹೆಸರು ಇದ್ದವು, ಮೇಷ್ಟ್ರದ್ದು ಮತ್ತು ನನ್ನದು. ಅವುಗಳ ಮುಂದೆ ಯಾವ ಗುರುತೂ ಇರಲಿಲ್ಲ. ಸ್ವಯಂಸಿದ್ಧ ಎಂದು ಬರೆದಿತ್ತು. ರೇಖಾಗಣಿತದಲ್ಲಿ ಸಾಧಿಸುವ ಅಗತ್ಯವೇ ಇಲ್ಲದ, ಒಪ್ಪಿಕೊಂಡೇ ಮುಂದೆ ಹೋಗುವ ಮಾತಿಗೆ ಹಾಗೆನ್ನುತ್ತೇವೆ. ನನ್ನ ಕಣ್ಣು ಆ ಪದದ ಮೇಲೆಯೇ ನಿಂತುಬಿಟ್ಟಿತು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ ಕಾದರು. ಎಲ್ಲಾದರೂ ತಪ್ಪು ಕಾಣುತ್ತಿದೆಯೇ ಎಂದು ಕೇಳಿದರು. ಇಲ್ಲ ಮೇಷ್ಟ್ರೇ, ಸರಿಯಾಗಿದೆ ಎಂದೆ.

ಅವತ್ತಿನಿಂದ ಮೇಷ್ಟ್ರು ಭಾಯ್ ಅಂಗಡಿಗೆ ಕಾಲಿಡಲಿಲ್ಲ. ಜಗಳವಿಲ್ಲ, ಮಾತಿಲ್ಲ, ಬಸ್‌ಸ್ಟಾಂಡಿಗೆ ಹೋಗಬೇಕಾದರೆ ಸುತ್ತಿಕೊಂಡು ಹಿಂದಿನ ಬೀದಿಯಲ್ಲಿ ಹೋಗುವರು. ಭಾಯ್ ಮೊದಲ ವಾರ ಎರಡು ಟೀ ತರಿಸಿದರು. ಸೋಲಿನ ಬೇಜಾರು, ಬರ್ತಾನೆ ಬಿಡು ಎಂದರು. ಆಮೇಲೆ ಊರಲ್ಲಿ ಯಾರೋ ಮೇಷ್ಟ್ರ ಅನುಮಾನವನ್ನು ಅವರ ಕಿವಿಗೆ ಹಾಕಿದರು. ಇನ್ನು ಕೆಲವರಿಗೆ ಇಷ್ಟೇ ಸಾಕಾಗಿತ್ತು, ಅವರ ಜನವೇ ಹಾಗೆ ಎಂದು ಶುರು ಹಚ್ಚಿಕೊಂಡರು. ಮೇಷ್ಟ್ರು ಆ ಮಾತು ಆಡಲಿಲ್ಲ, ಆಡುವ ಮನುಷ್ಯರೂ ಅಲ್ಲ, ಆದರೆ ಆಡಿದವರ ಬಾಯಿ ಮುಚ್ಚಿಸಲೂ ಇಲ್ಲ. ನಾನೂ ಮುಚ್ಚಿಸಲಿಲ್ಲ. ಭಾಯ್ ಒಂದೇ ಟೀ ತರಿಸತೊಡಗಿದರು.

ಮೂರು ವರ್ಷ. ಬರೆಯಲು ಸುಲಭ, ಎರಡೇ ಪದ. ನನಗೆ ಅಂಗಡಿಯಲ್ಲೂ ಕೂರಲಾಗುತ್ತಿರಲಿಲ್ಲ, ಮೇಷ್ಟ್ರ ಮನೆಯಲ್ಲೂ ಕೂರಲಾಗುತ್ತಿರಲಿಲ್ಲ. ಭಾನುವಾರ ಬೈಕು ಹತ್ತಿ ಸುಮ್ಮನೆ ದೇವನಹಳ್ಳಿ ಕಡೆಗೋ ದೊಡ್ಡಬಳ್ಳಾಪುರದ ಕಡೆಗೋ ಹೋಗುವುದು, ಎಲ್ಲಾದರೂ ಎಳನೀರು ಕುಡಿದು ವಾಪಸ್ ಬರುವುದು. ಒಂದು ಸಲ ಮಾಕಳಿದುರ್ಗದ ಬೆಟ್ಟ ಅರ್ಧ ಹತ್ತಿ, ಯಾಕೆ ಬಂದೆ ಎಂದು ಗೊತ್ತಾಗದೆ ಇಳಿದುಬಂದೆ. ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಬೆಂಗಳೂರಿನ ಹುಡುಗಿಯರು, ಅಂಕಲ್, ಟಾಪು ಇನ್ನೂ ಮೇಲಿದೆ ಎಂದು ನಕ್ಕರು.

ಪುಸ್ತಕವೂ ನಿಂತುಹೋಯಿತು. ಇಟಲಿಯವನು ಮಂತ್ರಿಯಾದ ತನಕ ಬಂದಿದ್ದೆ. ಆಮೇಲಿನದನ್ನು ಹಾಳೆಯಲ್ಲಿ ಗೀಚಿಟ್ಟುಕೊಂಡಿದ್ದೆ, ಓದಿಸಿಕೊಳ್ಳುವವರು ಇರಲಿಲ್ಲ. ಅಧಿಕಾರ ಬೇಕೆಂದು ಹಲ್ಲು ಗಿಂಜದ, ಕೊಟ್ಟ ಕೆಲಸವನ್ನು ನೆಟ್ಟಗೆ ಮಾಡಿದ ಮನುಷ್ಯನ ಬಗ್ಗೆ ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ ಬರೆಯಬೇಕಿತ್ತು. ಪೆನ್ನು ಹಿಡಿದರೆ ಆ ಕೆಂಪು ಸಹಿ ಕಣ್ಣಿಗೆ ಬರುವುದು. ಎದ್ದು ಹೋಗಿ ಮುಖ ತೊಳೆದುಕೊಂಡು ಬರುವುದು, ಮತ್ತೆ ಕೂರುವುದು, ಮತ್ತೆ ಏಳುವುದು.

ಹೋದ ಬೇಸಿಗೆಯಲ್ಲಿ ಭಾಯ್ ಕಿರಿ ಮಗಳ ಮದುವೆ ಗೊತ್ತಾಯಿತು. ಮೇಷ್ಟ್ರ ಹತ್ತಿರವೇ ಲೆಕ್ಕ ಕಲಿತು ಈಗ ಹೊಸಕೋಟೆಯ ಬ್ಯಾಂಕಿನಲ್ಲಿರುವ ಹುಡುಗಿ. ಭಾಯ್ ನನ್ನನ್ನು ಕರೆದು ಎರಡು ಕಾರ್ಡು ಕೊಟ್ಟರು. ಒಂದು ನನಗೆ, ಒಂದು ಅವರಿಗೆ ಎಂದರು, ಹೆಸರು ಹೇಳಲಿಲ್ಲ. ಮೇಷ್ಟ್ರು ಕಾರ್ಡು ಬಿಚ್ಚಿ ಪೂರ್ತಿ ಓದಿದರು, ಅದೇ ಮಡಿಕೆಯಲ್ಲಿ ಮಡಿಸಿ ವಾಪಸ್ ಕೊಟ್ಟರು.

"ವೋಟ್ ಹಾಕಿಸ್ಕೊಂಡೋರು ಹೋಗ್ಲಿ ಮದ್ವೆಗೆ. ನನ್ಗ್ಯಾಕೆ?" ಎಂದರು.

ಆ ಕಾರ್ಡು ಹಿಡಿದುಕೊಂಡು ನಾನು ಮನೆಗೆ ಬಂದೆ. ಮದುವೆ ಭಾನುವಾರ, ಅವತ್ತು ಗುರುವಾರ. ವಾಪಸ್ ಕೊಡಲು ಅಂಗಡಿಗೆ ಹೋಗುವ ಧೈರ್ಯವಿಲ್ಲ. ಹಜಾರದಲ್ಲಿ ಒಂದೇ ಸಮನೆ ಓಡಾಡುತ್ತಿದ್ದೆ. ಹೆಂಡತಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು, ಈ ಸಲ ಕಾಲು ಎಳೆದುಕೊಳ್ಳಲಿಲ್ಲ. ಅಡ್ಡ ಹಾಕಿ ಕೂರಿಸಿದಳು. ಬಾಯಿ ಬಿಟ್ಟೆ, ಬೂತಿನಿಂದ ಹಿಡಿದು ಎಲ್ಲ ಹೇಳಿದೆ. ಅವಳು ಅನುಕಂಪ ತೋರಿಸಿಯಾಳು ಎಂದು ಕಾದೆ. ತೋರಿಸಲಿಲ್ಲ.

"ನನ್ ಹತ್ರ ಹೇಳಿ ಹಗುರ ಮಾಡ್ಕೊಳೋಕೆ ಬಂದ್ರಾ? ಹೋಗಿ ಅಲ್ ಹೇಳಿ. ಮೊದ್ಲು ಭಾಯ್ ಹತ್ರ," ಎಂದಳು.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಭಾಯ್ ಅಂಗಡಿ ತೆಗೆಯುವ ಹೊತ್ತಿಗೆ ಹೋದೆ. ಮಗಳ ಮದುವೆಯ ಬಟ್ಟೆಗೆ ತಾವೇ ಅಂಚು ಕಟ್ಟುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಸಹಿ, ಎಣಿಕೆ, ಸುಳ್ಳು, ಆ ನೋಟ್‌ಬುಕ್ಕಿಗೆ ಸರಿಯಾಗಿದೆ ಎಂದು ನಾನು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಅವರ ಕೈಯ ಸೂಜಿ ನಿಲ್ಲಲಿಲ್ಲ. ಮುಗಿದ ಮೇಲೂ ಒಂದು ಗೇಣು ಹೊಲಿದರು. ಬೈಯಲಿ, ಕೆನ್ನೆಗೆ ಒಂದು ಬಿಡಲಿ ಎಂದು ನನಗೆ ಅನ್ನಿಸುತ್ತಿತ್ತು.

ಬೈಯಲಿಲ್ಲ. ಆ ಹೊಸ ಮೆಷಿನ್ನು ಮಗಳು ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದು ಎಂದರು. ಕಾಲು ನೋವು, ಪೆಡಲ್ ತುಳಿಯಬೇಡ ಅಂತ. ಅದನ್ನು ಮೇಷ್ಟ್ರಿಗೆ ತೋರಿಸಬೇಕೆಂದು ಒಂದು ವಾರ ಬಟ್ಟೆ ಹೊದಿಸಿ ಇಟ್ಟಿದ್ದರಂತೆ. ಆಮೇಲೆ ಕತ್ತೆತ್ತಿ ನನ್ನ ಮುಖ ನೋಡಿದರು.

"ನಾನ್ ಯಾರಿಗ್ ಹಾಕ್ದೆ ಅಂತ ಅವ್ನು ಒಂದ್ ಮಾತು ಕೇಳಿದ್ರೆ ಹೇಳ್ಬಿಡ್ತಿದ್ದೆ ಕಣಪ್ಪಾ. ಕೇಳ್ಲೇ ಇಲ್ವಲ್ಲ."

ನನಗೆ ಅಳು ಬಂತು, ಅತ್ತೆ. ಅವರು ಸ್ಟೂಲು ತಳ್ಳಿ ಕೂರು ಎಂದರು. ಆ ಇಟಲಿಯವನು ಮಂತ್ರಿ ಕೆಲಸ ಹೋದ ಮೇಲೆ ಏನು ಮಾಡಿದ, ಮತ್ತೆ ಲೆಕ್ಕಕ್ಕೆ ಕೂತನೇ ಎಂದು ಕೇಳಿದರು. ಇಲ್ಲ, ಮತ್ತೆ ಕೂರಲಾಗಲಿಲ್ಲ, ಸಭೆಗೇ ಹೋಗಿ ಬಂದು ಮಾಡುತ್ತಾ ಮುದುಕನಾಗಿ ತೀರಿಕೊಂಡ ಎಂದೆ. ಭಾಯ್ ದಾರ ಪೋಣಿಸುತ್ತಾ, ಪಾಪ, ಒಂದು ಸಲ ಕೈ ತಪ್ಪಿದ ಕಸುಬು ಮತ್ತೆ ಕೂಡಿಬರುವುದು ಕಷ್ಟ ಎಂದರು.

ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋದೆ. ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಎರಡನೆಯ ಸಲ ಹೇಳುವುದು ಸುಲಭವಾದೀತು ಎಂದುಕೊಂಡಿದ್ದೆ, ಆಗಲಿಲ್ಲ, ತೊದಲಿದೆ. ನಾನು ಸಹಿಯ ಮಾತು ಹೇಳುತ್ತಿದ್ದ ಹಾಗೆ ಅವರ ಕೈಯಲ್ಲಿದ್ದ ಪೇಪರು ನಿಧಾನವಾಗಿ ತೊಡೆಯ ಮೇಲೆ ಇಳಿಯಿತು. ನನ್ನನ್ನು ಕೊಂದೇಬಿಡುತ್ತಾರೆ ಎಂದುಕೊಂಡೆ. ಅವರ ಮುಖ ನೋಡಿದರೆ ಬೆಳಕಾಗಿತ್ತು. ಬೋರ್ಡಿನ ಮೇಲೆ ದಡ್ಡ ಹುಡುಗನೊಬ್ಬ ಸರಿ ಉತ್ತರ ಬರೆದಾಗ ಆಗುತ್ತಿದ್ದ ಹಾಗೆ.

"ಹಂಗಾದ್ರೆ ನೂರ ಎಂಬತ್ತೇಳು ಸರಿಯಾಗೇ ಇತ್ತು," ಎಂದರು.

ಅದೇ ಅವರ ಬಾಯಿಂದ ಬಂದ ಮೊದಲ ಮಾತು. ನನಗೆ ತಡೆಯಲಾಗಲಿಲ್ಲ. ತಪ್ಪು ಮಾಡಿದವನು ನಾನು, ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆಲ್ಲಿಯದು, ಆದರೂ ಬಂತು.

"ನಿಮ್ ಲೆಕ್ಕದ್ ಮನೆ ಹಾಳಾಗ ಮೇಷ್ಟ್ರೇ. ಆ ಮನುಷ್ಯ ಮೂರು ವರ್ಷ ಒಬ್ನೇ ಟೀ ಕುಡ್ದಿದಾನೆ."

ಜೀವಮಾನದಲ್ಲಿ ಅವರ ಮುಂದೆ ನಾನು ದನಿ ಎತ್ತಿದ್ದು ಅದೊಂದೇ ಸಲ. ಅವರ ಮುಖದ ಬೆಳಕು ಹೋಯಿತು. ಪೇಪರು ಮಡಿಸಿಟ್ಟರು. ಆಮೇಲೆ ಎದ್ದು, ಒಳಗೆ ಹೋಗಿ ಷರ್ಟು ಬದಲಾಯಿಸಿಕೊಂಡು ಬಂದು, ನನ್ನ ಕೈಯಿಂದ ಮದುವೆಯ ಕಾರ್ಡು ಇಸಿದುಕೊಂಡರು. ಹಿಂದಿನ ಬೀದಿ ಹಿಡಿಯಲಿಲ್ಲ. ನೆಟ್ಟಗೆ ದೊಡ್ಡ ಬೀದಿಯಲ್ಲೇ ನಡೆದರು, ನಾನು ಹಿಂದೆ ಹಿಂದೆ.

ಅಂಗಡಿಯ ಮುಂದೆ ಮೇಷ್ಟ್ರು ನಿಂತರು. ಭಾಯ್ ನೋಡಿದರು, ಏಳಲಿಲ್ಲ. ಮೇಷ್ಟ್ರಿಗೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ. ಕಾರ್ಡನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಲೆಕ್ಕ ಸರಿಯಾಗಿತ್ತು, ಇವನೊಬ್ಬನ ವೋಟು ಕೆಟ್ಟಿದ್ದರಿಂದ ಹಾಗಾಯಿತು, ನೀನು ನನಗೇ ಹಾಕಿದ್ದೀಯ ಎಂದು ಈಗ ಗೊತ್ತಾಯಿತು, ತಪ್ಪು ತಿಳಿದುಕೊಂಡೆ, ಭಾನುವಾರ ಬರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದರು. ಅಷ್ಟು ಬಾಗಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಇನ್ನೇನು ಭಾಯ್ ನಗುತ್ತಾರೆ, ಟೀ ಹೇಳುತ್ತಾರೆ ಎಂದು ನನಗೆ ಆಸೆಯಾ‌ಯಿತು.

ಭಾಯ್ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ಲೆಕ್ಕ ಸರಿ ಹೋಗ್ದೇ ಇದ್ದಿದ್ರೆ ಬರ್ತಿರ್ಲಿಲ್ವಾ ನೀನು?"

ಇಂಥ ಹೊತ್ತಿನಲ್ಲಿ ಯಾರಾದರೂ, ಬರುತ್ತಿದ್ದೆ ಎಂದುಬಿಡುತ್ತಾರೆ. ಸುಳ್ಳಾದರೂ ಅನ್ನುತ್ತಾರೆ. ನಾನಾಗಿದ್ದರೆ ಅಂದುಬಿಡುತ್ತಿದ್ದೆ, ನನಗೆ ಅಭ್ಯಾಸವಿದೆ. ಮೇಷ್ಟ್ರು ಯೋಚಿಸಿದರು. ಬಸ್ಸೊಂದು ಬಂದು ಜನ ಇಳಿಸಿ ಹೋಗುವ ತನಕ ಯೋಚಿಸಿದರು.

"ಬರ್ತಿರ್ಲಿಲ್ಲ ಕಣೋ," ಎಂದರು.

ಭಾಯ್ ತಲೆಯಾಡಿಸಿದರು. ಅವರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ, ತುಂಬ ದಣಿದವರ ಹಾಗೆ ಕಂಡರು.

"ಭಾನುವಾರ ಬಾ. ಅವ್ಳಿಗೆ ಪಾಠ ಹೇಳಿದ್ ಮೇಷ್ಟ್ರು ನೀನು, ಊಟ ಮಾಡಿ ಆಶೀರ್ವಾದ ಮಾಡು. ಇಲ್ಲಿ ಬಂದು ಕೂತ್ಕೋಬೇಡ."

ಮೇಷ್ಟ್ರು ಭಾನುವಾರ ಹೋದರು. ಬಿಳಿ ಪಂಚೆ ಉಟ್ಟು, ಎಲ್ಲರ ಸಾಲಿನಲ್ಲಿ ಕೂತು ಊಟ ಮಾಡಿದರು. ಹುಡುಗಿ ಬಂದು ಅವರ ಕಾಲು ಮುಟ್ಟಿದಳು. ಭಾಯ್ ಬೇರೆ ಹಿರಿಯರನ್ನು ವಿಚಾರಿಸಿದ ಹಾಗೆಯೇ ಇವರನ್ನೂ ವಿಚಾರಿಸಿ, ಇನ್ನಷ್ಟು ಬಡಿಸಲು ಹೇಳಿ, ಮುಂದಿನ ಸಾಲಿಗೆ ಹೋದರು.

ಈಗ ದಿನಾ ಸಂಜೆ ನಾಲ್ಕಕ್ಕೆ ಅವರು ನಮ್ಮ ಮನೆಗೆ ಬರುತ್ತಾರೆ. ನನ್ನ ಹೆಂಡತಿ ಟೀ ಕೊಡುತ್ತಾಳೆ. ಪುಸ್ತಕ ಎಲ್ಲಿಗೆ ಬಂತು ಎಂದು ಕೇಳುವುದಿಲ್ಲ, ನನ್ನನ್ನು ಬೈಯುವುದೂ ಇಲ್ಲ. ಕುಡಿದ ಲೋಟ ಕೆಳಗಿಟ್ಟು, ಗೋಡೆ ನೋಡುತ್ತಾ ಐದರ ತನಕ ಕೂತಿರುತ್ತಾರೆ. ಎದ್ದು ಬಾಗಿಲ ತನಕ ಹೋಗಿಬರಬೇಕೆಂದು ನನ್ನ ಕಾಲು ಎಳೆಯುತ್ತಿರುತ್ತದೆ. ಏಳುವುದಿಲ್ಲ. ಅವರು ಕೂತಿರುವಷ್ಟು ಹೊತ್ತೂ ಎದುರಿಗೆ ಕೂತಿರುತ್ತೇನೆ.